ಐದು ಗಂಟೆ ಮದುವೆಗೆ ಹೊರಟ ಸೋದರಮಾವ

ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಮ್ಮಮ್ಮ ಬೈತಾನೇ ಇರ್ತಾಳೆ, ನನಗೆ ವಾರಕ್ಕೊಂದು ಎಡವಟ್ಟು ಆಗ್ತಾನೇ ಇರುತ್ತೆ. ಮಾಮೂಲ್‌ಪೇಟೆಯಲ್ಲಿ ಗುಂಡಿ, ಲೇಸು ಮಾರೋನು ನಾನು. ಗಿರಾಕಿ ಎರಡು ನಿಮಿಷ ಯೋಚನೆ ಮಾಡಿದರೂ ಮೈ ಪರಚ್ಕೊಳ್ಳೋ ಹಾಗಾಗುತ್ತೆ. ಅಂಥವನು ಜರ್ಮನಿಗೆ ಹೊರಟೆ.

ತಂಗಿ ಮಗಳ ಮದುವೆ. ಅಲ್ಲಿನ ಹುಡುಗ, ಅಲ್ಲಿನ ಚಿಕ್ಕ ಊರಿನ ಟೌನ್ ಹಾಲ್, ಸಂಜೆ ಐದಕ್ಕೆ ರಿಜಿಸ್ಟ್ರಿ. ಅವಳಪ್ಪ ತೀರಿಕೊಂಡಿದ್ದಾನೆ. ಕೈಹಿಡಿದು ಕರ್ಕೊಂಡು ಬರೋಕೆ ಸೋದರಮಾವ ಅಂತ ಇರೋನು ನಾನೊಬ್ಬನೇ. ವೀಸಾ ಬಂದಿದ್ದೋ, ಮದುವೆಯ ಹಿಂದಿನ ದಿನ! "ಮಾವ, ನೀವು ಬರದೆ ನಾನು ಒಳಗೆ ಕಾಲಿಡಲ್ಲ" ಅಂತ ಹುಡುಗಿ ಫೋನಲ್ಲಿ ಹೇಳ್ಬಿಟ್ಟಿದ್ದಳು. ವೀಸಾ ಬಂದ ದಿನ ರಾತ್ರಿ ಫ್ಲೈಟಿಗೇ ನನಗೂ ನಮ್ಮವಳಿಗೂ ಟಿಕೆಟ್ ತೆಗೆಸಿದೆ.

ಪರಸ್ಥಾನ

"ರಾತ್ರಿ ಗಳಿಗೆ ಸರಿ ಇಲ್ಲ, ಮಧ್ಯಾಹ್ನವೇ ಪರಸ್ಥಾನ ಇಟ್ಬಿಡು" ಅಂದಳು ಅಮ್ಮ. ಒಳ್ಳೆ ಹೊತ್ತಲ್ಲಿ ಒಂದು ಬ್ಯಾಗನ್ನ ಬೇರೆಯವರ ಮನೆಯಲ್ಲಿಟ್ಟರೆ ನಾವೇ ಹೊರಟ ಹಾಗೆ. ಕೈಗೆ ಸಿಕ್ಕಿದ ಬ್ಯಾಗನ್ನ ಎದುರು ಮನೆಯಲ್ಲಿಟ್ಟು ಬಂದೆ. ಸಂಜೆ ನೋಡ್ತೀನಿ, ಪಾಸ್‌ಪೋರ್ಟು ಅದರಲ್ಲೇ ಇದೆ, ಎದುರು ಮನೆಗೆ ಬೀಗ!

ಅವರು ವೈಯಾಲಿಕಾವಲ್‌ನಲ್ಲಿ ಯಾರದೋ ಆರತಕ್ಷತೆಗೆ ಹೋಗಿದ್ದರು. ಚಾಮರಾಜಪೇಟೆಯಿಂದ ಆಟೋದಲ್ಲಿ ಓಡಿದೆ. ಯಜಮಾನರು ಆಗಲೇ ಎಲೆ ಮುಂದೆ ಕೂತಿದ್ದರು.

"ಸಾರ್, ಬೀಗದ ಕೈ ಕೊಡಿ, ಫ್ಲೈಟು ಹೋಗುತ್ತೆ!"

"ಕೊಡ್ತೀನಿ, ಕೂತ್ಕೊಳ್ಳಿ. ಮದುವೆ ಮನೆಗೆ ಬಂದು ಉಣ್ಣದೆ ಹೋಗ್ತಾರೇನ್ರೀ?"

ಗುರುತಿಲ್ಲದ ಗಂಡು ಹೆಣ್ಣಿಗೆ ಅಕ್ಷತೆ ಹಾಕಿ, ಎರಡು ಹೋಳಿಗೆ ನುಂಗಿ, ಫೋಟೋಗೂ ನಿಂತು ಬೀಗದ ಕೈ ತಂದೆ. ಬ್ಯಾಗು ಹೊರಟ ಗಳಿಗೆ ಮಾತ್ರ ಬಹಳ ಚೆನ್ನಾಗಿತ್ತು ಅಂತ ಅಮ್ಮ ಈಗಲೂ ಹೇಳ್ತಾಳೆ.

ವಿಮಾನ

ಸೀಟಿನ ಮುಂದಿನ ಟೀವಿಯಲ್ಲಿ ಮ್ಯಾಪು, ಅದರ ಮೇಲೊಂದು ಪುಟಾಣಿ ವಿಮಾನ. ಅರ್ಧ ಗಂಟೆ ನೋಡಿದರೂ ಅದು ಕೂದಲೆಳೆಯಷ್ಟೂ ಜರುಗಲ್ಲ. ತಡೆಯಲಾರದೆ ಗಗನಸಖಿಯನ್ನ ಕರೆದು, "ಅಮ್ಮಾ, ಡ್ರೈವರ್‌ಗೆ ಸ್ವಲ್ಪ ಬೇಗ ಬಿಡಕ್ಕೆ ಹೇಳ್ತೀರಾ? ಮದುವೆ ಇದೆ" ಅಂದೆ. ಅವಳು ನಕ್ಕು ಒಂದು ಲೋಟ ನೀರು ಕೊಟ್ಟು ಹೋದಳು.

ಪಕ್ಕದಿಂದ ನಮ್ಮವಳು ಅಂದಳು: "ನೋಡ್ತಾ ನಿಂತ್ರೆ ಹಾಲು ಉಕ್ಕಲ್ಲ ಕಣ್ರೀ. ನೀವು ಕಣ್ಣು ಮುಚ್ಚಿ, ವಿಮಾನ ತಾನಾಗೇ ಹೋಗುತ್ತೆ."

ರೈಲು

ಇಳಿದ ಊರಿಂದ ಎರಡೂವರೆ ಗಂಟೆ ರೈಲು. ಬಂದ ಕೂಡಲೇ ನುಗ್ಗಿ, ನಮಗೆರಡು ಲಗೇಜಿಗೊಂದು ಅಂತ ಮೂರು ಸೀಟಿಗೆ ಟವೆಲ್ ಹಾಸಿದೆ. ಆಮೇಲೆ ನೋಡಿದರೆ ಇಡೀ ಬೋಗಿಗೆ ಐದು ಜನ.

ಟೈಮು ಉಳಿಸೋಣ ಅಂತ ರೈಲಿನ ಟಾಯ್ಲೆಟ್ಟಲ್ಲೇ ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು, ಪೇಟ ಇಟ್ಟೆ. ನಮ್ಮ ಸ್ಟೇಷನ್ನಿಗೆ ಇನ್ನೂ ಅರ್ಧ ಗಂಟೆ ಇದೆ ಅನ್ನುವಾಗಲೇ ಬಾಗಿಲಲ್ಲಿ ನಿಂತೆ. ಸ್ಟೇಷನ್ ಬಂತು. ಬಾಗಿಲು ತೆಗೆಯುತ್ತೆ ಅಂತ ಕಾದೆ. ತೆಗೀಲಿಲ್ಲ. ರೈಲು ಹೊರಟೇಬಿಡ್ತು! ಒಬ್ಬ ತಾತ ಬಾಗಿಲ ಪಕ್ಕದ ಹಸಿರು ಗುಂಡಿ ತೋರಿಸಿದ. ಅದನ್ನ ಒತ್ತಬೇಕಂತೆ. ಮೂವತ್ತು ವರ್ಷ ಗುಂಡಿ ಮಾರಿದೋನಿಗೆ ಒಂದು ಗುಂಡಿ ಕಾಣಲಿಲ್ಲ!

ಹೊರಗೆ ನೋಡ್ತೀನಿ, ಆರಾಮಾಗಿ ಎದ್ದು ಹಿಂದಿನ ಬಾಗಿಲಿಂದ ಇಳಿದ ನಮ್ಮವಳು ಪ್ಲಾಟ್‌ಫಾರ್ಮಲ್ಲಿ ನಿಂತು ನನಗೆ ಟಾಟಾ ಮಾಡ್ತಿದಾಳೆ. ಲಗೇಜು, ನನ್ನ ಫೋನು, ಎಲ್ಲ ಅವಳ ಹತ್ತಿರ.

ಟೌನ್ ಹಾಲ್

ಮುಂದಿನ ಸ್ಟೇಷನ್ನಲ್ಲಿ ಇಳಿದು, ಪಂಚೆ ಎತ್ತಿ ಕಟ್ಟಿ ಓಡಿ, ವಾಪಸ್ ರೈಲು ಹಿಡಿದೆ. ಮಗು ಟೌನ್ ಹಾಲ್ ಬಾಗಿಲಲ್ಲೇ ನಿಂತಿರುತ್ತೆ, ನನ್ನಿಂದ ಮದುವೆ ನಿಂತು ಹೋದರೆ ಏನಪ್ಪಾ ಗತಿ ಅಂತ ಕಣ್ಣಲ್ಲಿ ನೀರೇ ಬಂತು.

ಇಳಿದಾಗ ಐದಕ್ಕೆ ಐದು ನಿಮಿಷ ಇತ್ತು. ಪ್ಲಾಟ್‌ಫಾರ್ಮಲ್ಲಿ ಧಾರೆ ಸೀರೆ ಉಟ್ಟು ಮದುಮಗಳೇ ನಿಂತಿದ್ದಳು. "ಮಾವ, ಬೇಗ ಬನ್ನಿ! ಅತ್ತೆ ಲಗೇಜು ಇಟ್ಕೊಂಡು ಹಾಲ್‌ನಲ್ಲಿ ಕೂತಿದಾರೆ. ಅಮ್ಮ, ಹುಡುಗ ಇಬ್ಬರೂ ಕಾರಲ್ಲಿ ನಿಮ್ಮನ್ನ ಹುಡುಕಕ್ಕೆ ಹೋಗಿದಾರೆ" ಅಂತ ನನ್ನ ಕೈಹಿಡಿದು ಎಳೆದುಕೊಂಡು ಓಡಿದಳು. ಹೆಣ್ಣನ್ನ ಕರೆತರಬೇಕಾದ ಸೋದರಮಾವನನ್ನ ಹೆಣ್ಣೇ ಕರೆತಂದಳು.

ಹಾಲ್ ಒಳಗೆ ನನ್ನನ್ನ ಬಿಟ್ಟು, ಹುಡುಗನಿಗೆ ಫೋನ್ ಮಾಡ್ತಾ ಬಾಗಿಲ ಹತ್ತಿರ ಹೋದಳು. ರಿಜಿಸ್ಟ್ರಿ ಮಾಡಿಸೋ ಅಧಿಕಾರಿಣಿ ನನ್ನ ರೇಷ್ಮೆ ಪಂಚೆ ನೋಡಿದರು, ಪೇಟ ನೋಡಿದರು, ಎದ್ದು ಬಂದು ಕೈಕುಲುಕಿ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಸೋದರಮಾವನಿಗೆ ಎಂಥ ಮರ್ಯಾದೆ ಅಂತ ಹಿಗ್ಗಿಹೋದೆ. ಆಯಮ್ಮ ಜರ್ಮನ್‌ನಲ್ಲಿ ಏನೋ ಕೇಳಿದರು. ಲೇಟಾಯ್ತಲ್ಲ ಅಂತ ನಾನು ಎಲ್ಲದಕ್ಕೂ "ಎಸ್, ಎಸ್" ಅಂದೆ. ಪೆನ್ನೂ ಕೈಗೆ ಬಂತು.

ಅಷ್ಟರಲ್ಲಿ ಏದುಸಿರು ಬಿಡ್ತಾ ನಿಜವಾದ ಮದುಮಗ ಬಾಗಿಲಲ್ಲಿ ಪ್ರತ್ಯಕ್ಷ. ತಾನು ಕೂರಬೇಕಾದ ಕುರ್ಚಿಯಲ್ಲಿ ನಾನು! ಲಗೇಜಿನ ಮೇಲೆ ಕೂತಿದ್ದ ನಮ್ಮವಳು ದಡಕ್ಕನೆ ಎದ್ದಳು.

"ಏಳ್ರೀ ಮೇಲೆ! ಏನು ಕೇಳ್ತಿದಾರೆ ಅಂತ ತಿಳಿಯದೆ ಹೂಂ ಅನ್ನೋ ಚಾಳಿ ಇನ್ನೂ ಬಿಟ್ಟಿಲ್ವಾ? ನನ್ನ ಕಟ್ಕೊಂಡಿದ್ದೂ ಹಿಂಗೇ!"