ಸದಾಶಿವರಾಯರು ಸಾಯಬಾರದಿತ್ತು

ನಿನ್ನೆ ಸಂಜೆ ಸದಾಶಿವರಾಯರು ತೀರಿಕೊಂಡರು. ಸತ್ತದ್ದು ಟಿ.ವಿ. ಧಾರಾವಾಹಿಯಲ್ಲೇ ಆದರೂ ಕುಪ್ಪಗಡ್ಡೆಯ ಕೆಂಪಪ್ಪನಿಗೆ ಊಟ ಸೇರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಹಳೆಯ ಪ್ರೀತಿಯ ಸಾವಿತ್ರಿ ಟೀಚರನ್ನು ಮದುವೆಯಾಗಲು ಹೊರಟಿದ್ದ ಬ್ರಹ್ಮಚಾರಿ, ಲಿವರ್ ಕೆಟ್ಟು, ತಾಳಿ ಕಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಅದೇ ಕಾಯಿಲೆ ಹಿಡಿದು ಕೆಂಪಪ್ಪನ ಗೆಳೆಯ ಪುಟ್ಟಪ್ಪ ಶಿಕಾರಿಪುರದ ಆಸ್ಪತ್ರೆಯಲ್ಲಿ ಮಲಗಿದ್ದ. ದಿನವೂ ಕೆಂಪಪ್ಪ ಬಸ್ಸು ಹತ್ತಿ ಹೋಗಿ ಹಿಂದಿನ ಸಂಜೆಯ ಕತೆ ಹೇಳಬೇಕು. "ಆ ರಾಯರು ಎದ್ದು ಕೂತ್ರೆ ನಾನೂ ಎದ್ದಂಗೇ ಕಣೋ" ಅನ್ನುತ್ತಿದ್ದ ಪುಟ್ಟಪ್ಪ. ಹೆಚ್ಚು ದಿನ ಇಲ್ಲವೆಂದು ಡಾಕ್ಟರು ಮೊನ್ನೆ ಕೆಂಪಪ್ಪನೊಬ್ಬನಿಗೇ ಹೇಳಿದ್ದರು. ಅದು ಪುಟ್ಟಪ್ಪನಿಗೆ ಗೊತ್ತಾಗಬಾರದಿತ್ತು.

ಬಸ್ಸಿನಲ್ಲಿ ಪಕ್ಕದ ಮನೆಯ ಲೋಕಮ್ಮ ಸಿಕ್ಕಳು. "ಪುಟ್ಟಪ್ಪನ ಮುಂದೆ ರಾಯರು ಸತ್ರು ಅಂತ ಬಾಯಿ ಬಿಟ್ಟೀರಿ ಕೆಂಪಣ್ಣ! ಮದ್ವೆ ಆತು ಅನ್ನಿ."

"ಬರೀ ಮದ್ವೆ ಅಂದ್ರೆ ನಂಬ್ತಾನೇನ್ರೀ?" ಹಿಂದಿನ ಸೀಟಿನ ವೀರಬಸಪ್ಪ ತಲೆ ತೂರಿಸಿದ. "ಆಪರೇಷನ್ ಆತು, ಮಗ ಲಿವರ್ ಕೊಟ್ಟ ಅನ್ನಿ."

"ಮದ್ವೆನೇ ಆಗದೋರಿಗೆ ಮಗ ಎಲ್ಲಿಂದ ಬರ್ತಾನೆ?" ಎಂದಳು ಲೋಕಮ್ಮ.

"ಹಂಗಾರೆ ಅಣ್ಣನ ಮಗ."

"ಲಿವರ್ ಹೆಲಿಕಾಪ್ಟರ್‌ನಾಗೆ ತಂದ್ರು ಅನ್ರಿ, ಜೋರಿರ್ತದೆ" ಎಂದ ಕಂಡಕ್ಟರು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಇಡೀ ಬಸ್ಸು ಸೇರಿ ಸತ್ತವರನ್ನು ಎಬ್ಬಿಸಿ ಕೂರಿಸಿತ್ತು. ಸಾಕ್ಷಿಗಿರಲಿ ಎಂದು ಲೋಕಮ್ಮ, ವೀರಬಸಪ್ಪ ಆಸ್ಪತ್ರೆಯವರೆಗೂ ಬಂದರು.

ಪುಟ್ಟಪ್ಪ ಇನ್ನಷ್ಟು ಹಳದಿಯಾಗಿದ್ದ. "ಎಂತ ಆತೋ ರಾಯರಿಗೆ?"

ಕೆಂಪಪ್ಪ ಬೆವರುತ್ತಾ ಆಪರೇಷನ್ ಮಾಡಿಸಿದ, ಹೆಲಿಕಾಪ್ಟರ್ ಇಳಿಸಿದ. ಅವನು ತಡವರಿಸಿದಾಗ ವೀರಬಸಪ್ಪ ಓಲಗ ಊದಿಸಿದ, ಲೋಕಮ್ಮ ಸಾವಿತ್ರಿ ಟೀಚರಿಗೆ ರೇಷ್ಮೆ ಸೀರೆ ಉಡಿಸಿದಳು. ಸುಳ್ಳು ಸೊಗಸಾಗಿಯೇ ಬಂತು. ಕೆಂಪಪ್ಪನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಪುಟ್ಟಪ್ಪ ಕಣ್ಣು ಮುಚ್ಚಿ ಎಲ್ಲ ಕೇಳಿದ. ಆಮೇಲೆ ಪಕ್ಕದ ಮಂಚದ ರೋಗಿಯ ಕಡೆ ಕೈ ತೋರಿಸಿದ. "ಅವ್ರ ಮಗಳು ನಿನ್ನೆ ಮೊಬೈಲ್‌ನಲ್ಲಿ ಪೂರ್ತಿ ತೋರಿಸಿದ್ಲು ಮಾರಾಯ. ರಾಯರ ಚಿತೆಗೆ ಬೆಂಕಿ ಇಟ್ಟಿದ್ದೂ ನೋಡ್ದೆ."

ವೀರಬಸಪ್ಪನಿಗೆ ಕೆಮ್ಮು ಬಂತು. ಲೋಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಮತ್ತೆ ನನ್ನ ಯಾಕೋ ಕೇಳ್ದೆ?" ಎಂದ ಕೆಂಪಪ್ಪ.

"ಡಾಕ್ಟ್ರು ನಿನ್ನ ಹೊರಗೆ ಕರ್ಕೊಂಡು ಹೋಗಿದ್ರಲ್ಲ, ಎಂತ ಹೇಳಿದ್ರು ಅಂತ ತಿಳೀಬೇಕಿತ್ತು. ರಾಯರು ಸತ್ರು ಅಂತ ನೀ ಧೈರ್ಯವಾಗಿ ಹೇಳಿದ್ರೆ, ನಾನು ಉಳೀತೀನಿ, ಮುಚ್ಚಿಟ್ರೆ ಇಲ್ಲ ಅಂತ ಲೆಕ್ಕ ಹಾಕಿದ್ದೆ."

ಕೆಂಪಪ್ಪ ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡ. ಮುಚ್ಚಿಡಲು ಬಂದವನು ತಾನೇ ಬಾಯಾರೆ ಹೇಳಿಬಿಟ್ಟಿದ್ದ, ಅದೂ ಓಲಗ ಊದಿಸಿ.

"ಅಳಬ್ಯಾಡ ಸುಮ್ನಿರು" ಎಂದು ಪುಟ್ಟಪ್ಪ ಅವನ ಕೈ ಹಿಡಿದುಕೊಂಡ. "ನಿನ್ನ ಕತೆನೇ ಚಂದಿತ್ತು. ಮದ್ವೆ ಊಟಕ್ಕೆ ಎಂತ ಮಾಡ್ಸಿದ್ರು, ಅದನ್ನಾದ್ರೂ ಹೇಳು."

"ಹೋಳಿಗೆ" ಎಂದ ಕೆಂಪಪ್ಪ. ಕೂತ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ.