ಮಾಮುವಿನ ಹಲಾಲ್ ಮುಷ್ಕರ

ನಮ್ಮ ಮಾಮುವಿನಂಥ ಮುಷ್ಕರಗಾರರು ಇನ್ನಿಬ್ಬರಿದ್ದಿದ್ದರೆ ಮಿಲ್ ಮಾಲೀಕರು ತಾವೇ ಚಂದಾ ಕೊಟ್ಟು ಮುಷ್ಕರ ಮಾಡಿಸುತ್ತಿದ್ದರು! ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ ಇವರು ನನ್ನ ತಾಯಿಯ ತಮ್ಮ. ಅನ್ಯಾಯ ಕಂಡು ಬಾಯಿ ಮುಚ್ಚಿಕೊಂಡಿರುವುದು ಹರಾಮ್ ಎನ್ನುತ್ತಿದ್ದರು. ಸರಿ. ಆದರೆ ಮುಷ್ಕರದಲ್ಲಿ ನಡೆಯುವ ಮುಕ್ಕಾಲು ಪಾಲು ಕೆಲಸವೂ ಹರಾಮೇ ಎನ್ನುತ್ತಿದ್ದರು. ಸಂಘದವರು ಎಲ್ಲಿಗೆ ಹೋಗಬೇಕು?

ಆ ವರ್ಷ ಆವರಗೆರೆಯ ಹನುಮಂತಪ್ಪನ ಬಲಗೈ ಬೆರಳುಗಳು ಯಂತ್ರಕ್ಕೆ ಸಿಕ್ಕಿ ಹೋದವು. ಪಾಪ, ಇನ್ನು ಇವನಿಗೆ ದುಡಿಯುವ ಕಷ್ಟ ಯಾಕೆ ಎಂದು ಮಾಲೀಕರು ಮನೆಗೆ ಕಳಿಸಿಬಿಟ್ಟರು. ಎಂಥ ಕಾಳಜಿ! ಅವನ ಕೆಲಸಕ್ಕೂ ತಮ್ಮ ಭತ್ಯೆಗೂ ಸೇರಿಸಿ ಕಾರ್ಮಿಕರು ಮುಷ್ಕರ ಹೂಡಿದರು.

ಮೆರವಣಿಗೆಯಲ್ಲಿ ಎಲ್ಲರೂ "ಮಾಲೀಕ ಮುರ್ದಾಬಾದ್!" ಎಂದರೆ ಮಾಮು ಒಬ್ಬರೇ "ಮಾಲೀಕಗೆ ಬುದ್ಧಿ ಬರ್ಲಿ!" ಎಂದು ಕೂಗುತ್ತಿದ್ದರು. ಯಾರ ಸಾವನ್ನೂ ಬಯಸಬಾರದಂತೆ. ಮುಖಂಡರು "ರಕ್ತ ಕೊಟ್ಟೇವು!" ಎಂದಾಗ ಅವರ ಅಂಗಿ ಹಿಡಿದು ಜಗ್ಗಿದರು. "ಮಾತು ಕೊಟ್ರೆ ನಡೆಸಬೇಕಾಗ್ತೈತ್ರಿ. ಕೊಡೋರು ಯಾರ್ಯಾರು? ಈಗ್ಲೇ ಕೈ ಎತ್ರಿ." ಒಂದು ಕೈಯೂ ಮೇಲೇಳಲಿಲ್ಲ. ಹುಡುಗರು ರಸ್ತೆಗೆ ಅಡ್ಡ ಇಟ್ಟ ಕಲ್ಲುಗಳನ್ನೆಲ್ಲ ಬದಿಗೆ ಸರಿಸಿದವರೂ ಇವರೇ. ದಾರಿಯ ತೊಡಕು ತೆಗೆಯುವುದು ಈಮಾನಿನ, ಅಂದರೆ ದೇವರ ಮೇಲಿನ ನಂಬಿಕೆಯ, ಭಾಗವಂತೆ. ಪೊಲೀಸರು ಮೆಚ್ಚಿ ಬೀಡಿ ಕೊಡಲು ಬಂದರು!

ಕೊನೆಗೆ ಗೇಟಿನ ಮುಂದೆ ಆಮರಣಾಂತ ಉಪವಾಸ. ಮಾಮುವೂ ಕೂತರು, ಹಗಲೆಲ್ಲ ಹನಿ ನೀರೂ ಮುಟ್ಟದ ರಂಜಾನಿನ ರೋಜಾ ಉಪವಾಸದಂತೆ. ಸೂರ್ಯ ಮುಳುಗಿದ್ದೇ ತಡ, ಡಬ್ಬಿ ಬಿಚ್ಚಿದರು.

"ಮಾನ ಕಳೀತೀರಲ್ರೀ! ಇದು ಆಮರಣಾಂತ ಐತೆ!" ಮುಖಂಡರು ಹಲ್ಲು ಕಡಿದರು.

"ಜೀವ ಅಲ್ಲಾಹ್ ನಂಬಿ ನಮ್ಮ ಹತ್ರ ಇಟ್ಟ ಅಮಾನತ್ತು ರೀ. ಬ್ಯಾರೇರ ಒಡವೆ ನಾನು ಹೆಂಗೆ ಕೊಡ್ಲಿ? ಹಗಲಿನ ಹಸಿವು ನಂದು, ಅದನ್ನ ಕೊಡ್ತೀನಿ. ಬರ್ರಿ, ರೊಟ್ಟಿ ತಿನ್ರಿ."

ಮೂರನೆಯ ದಿನ ಭತ್ಯೆ ಮಂಜೂರಾಯಿತು. ಹನುಮಂತಪ್ಪನ ವಿಷಯ ಮಾತ್ರ 'ಪರಿಶೀಲನೆ'ಗೆ ಹೋಯಿತು. ಸಾಯಲು ಕೂತವರು ನಿಂಬೆ ಶರಬತ್ತು ಕುಡಿದು, ಹಾರ ಹಾಕಿಸಿಕೊಂಡು ಮನೆ ಸೇರಿದರು. ದಿನಾ ಸಂಜೆ ಉಂಡ ಮಾಮು ಮಾತ್ರ ಏಳಲಿಲ್ಲ! ಒಪ್ಪಂದ ಒಪ್ಪಂದವೇ ಎಂದು ಪಾಳಿಗೆ ಹೋಗುವರು. ಪಾಳಿ ಮುಗಿಸಿ, ಹಸಿದ ಹೊಟ್ಟೆಯಲ್ಲೇ ಗೇಟಿನ ಮುಂದೆ ಕೂರುವರು.

ನಾನಾಗ ಹರಿಹರದಲ್ಲಿ ಮೇಷ್ಟ್ರು. "ಆ ಹುಚ್ಚನ್ನ ಎಬ್ಬಿಸ್ಕೊಂಡು ಬಾ" ಎಂದು ಅಮ್ಮ ಡಬ್ಬಿ ಕೊಟ್ಟು ರೈಲು ಹತ್ತಿಸಿದಳು.

"ಮಾಮು, ಒಬ್ಬರೇ ಕೂತ್ರೆ ಮಾಲೀಕರ ಕಣ್ಣಿಗೂ ಬೀಳಲ್ಲ" ಎಂದೆ.

"ಅವರಿಗೆ ಕಾಣ್ಲಿ ಅಂತ ಯಾರು ಕೂತಾರೆ? ಹನುಮಂತಪ್ಪಗೆ ಕಾಣ್ಲಿ ಅಂತ ಕೂತೀನಿ."

ಅಷ್ಟರಲ್ಲಿ ಹನುಮಂತಪ್ಪನೇ ಬಂದ. "ನನಗೆ ಕೆಲಸ ಬ್ಯಾಡ್ರಿ. ನೀವು ಹಗಲು ಉಣ್ರಿ, ಸಾಕು" ಎಂದು ಅಲ್ಲೇ ಕುಸಿದು ಕೂತ.

ಸೂರ್ಯ ಮುಳುಗಿದ. ಮಾಮು ಡಬ್ಬಿಯನ್ನು ಇಬ್ಬರ ನಡುವೆ ಇಟ್ಟರು. ಹನುಮಂತಪ್ಪ ಟವೆಲ್ಲಿನಲ್ಲಿ ಸುತ್ತಿದ್ದ ಬಲಗೈ ಹೊರತೆಗೆಯಲಿಲ್ಲ. ಇನ್ನೊಬ್ಬರ ಊಟಕ್ಕೆ ಎಡಗೈ ಹಾಕಲು ಅವನಿಗೆ ನಾಚಿಕೆ. ಮಾಮು ರೊಟ್ಟಿ ಮುರಿದು, ಪಲ್ಯ ಸುತ್ತಿ, ಅವನ ಬಾಯಿಗಿಟ್ಟರು. ಹಗಲೆಲ್ಲ ಹಸಿದಿದ್ದ ಮನುಷ್ಯನ ಮೊದಲ ತುತ್ತು ಅವನಿಗೆ ಹೋಯಿತು. ಎಬ್ಬಿಸಿಕೊಂಡು ಹೋಗಲು ಬಂದಿದ್ದ ನಾನು, ಕಣ್ಣೊರೆಸಿಕೊಳ್ಳುತ್ತ, ಆ ಧೂಳಿನಲ್ಲೇ ಅವರ ಪಕ್ಕ ಕೂತುಬಿಟ್ಟೆ.