ಔಷಧಿ ಹೊಡೆಯದ ಸಾಲು

ಬೆಳಿಗ್ಗೆ ಅಂಗಳ ಗುಡಿಸಿದೆ, ಒಂದು ತಟ್ಟೆ ಒಂದು ಲೋಟ ತೊಳೆದೆ, ಒಣಗದ ಸೀರೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆ, ಲೆಕ್ಕವಿಲ್ಲದಷ್ಟು ಸಲ ಸೀನಿದೆ. ನಾನು ಸೀನಿದರೆ ಖುಷಿಪಡುವ ಮನುಷ್ಯ ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಒಬ್ಬನೇ ಇದ್ದಾನೆ. ಅವನು ನನ್ನಣ್ಣ!

ಅಣ್ಣ ಜಾವಳಿ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ನಿವೃತ್ತನಾದವನು. ಮದುವೆಯಾಗಲಿಲ್ಲ. ಲೋಕವನ್ನೆಲ್ಲ ಕಾಫಿಯಿಂದಲೇ ಅಳೆಯುತ್ತಾನೆ. ಹೋದ ವರ್ಷ ಫ್ಲೂ ಲಸಿಕೆಗೆ ಕರೆದುಕೊಂಡು ಹೋದರೆ, ಅಂಗಿಯ ತೋಳು ಮಡಚುವ ಮೊದಲೇ ನರ್ಸಮ್ಮನನ್ನು ಕೇಳಿದ:

“ಇದರ ಔಟ್‌ಟರ್ನ್ ಎಷ್ಟಮ್ಮ?”

ಮೂಟೆ ಕಾಫಿಗೆ ಎಷ್ಟು ಬೀಜ ಇಳಿಯುತ್ತದೆ ಎನ್ನುವ ಲೆಕ್ಕ ಅದು. ಪಾಪ, ಆ ಹುಡುಗಿಗೇನು ಗೊತ್ತು! ನಾನು ಬಿಡಿಸಿ ಹೇಳಿದ ಮೇಲೆ ನಕ್ಕಳು.

“ಹಾಗಲ್ಲ ಅಜ್ಜ. ಹಾಕಿಸ್ಕೊಂಡೋರದ್ದು ಒಂದು ಗುಂಪು, ಹಾಕಿಸ್ಕೊಳ್ದೇ ಇರೋರದ್ದು ಒಂದು ಗುಂಪು. ಎರಡನ್ನೂ ಹೋಲಿಸಿ ಕಾಯಿಲೆ ಎಷ್ಟು ಕಮ್ಮಿ ಆಯ್ತು ಅಂತ ನೋಡ್ತಾರೆ. ನಿಮಗೆ ಬರೋದೇ ಇಲ್ಲ ಅಂತ ಬರ್ಕೊಡಕ್ಕಾಗಲ್ಲ. ಬರೋದು ಕಮ್ಮಿ, ಬಂದ್ರೂ ಜೋರಾಗೋದು ಕಮ್ಮಿ.”

“ಓಹೋ, ಔಷಧಿ ಹೊಡೆಯದ ಸಾಲು!” ಎಂದ ಅಣ್ಣ. ಎಸ್ಟೇಟಿನಲ್ಲಿ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ ಕಾಫಿ ಗಿಡಗಳ ಒಂದು ಸಾಲನ್ನು ಹಾಗೇ ಬಿಡಿಸುತ್ತಿದ್ದನಂತೆ. ಔಷಧಿಯ ಗುಣ ಗೊತ್ತಾಗುವುದು ಬಿಟ್ಟ ಸಾಲಿನಿಂದಲೇ ಅಂತೆ!

ಆ ಮಳೆಗಾಲ ಪೂರ್ತಿ ಅವನಿಗೆ ಒಂದು ಕೆಮ್ಮೂ ಬರಲಿಲ್ಲ. ಸಂತೋಷಪಡಬೇಕೋ ಬೇಡವೋ? ಫೋನಿನಲ್ಲಿ ಜಗಳ!

“ಹೋಲಿಸಕ್ಕೆ ಮನೇಲಿ ಇನ್ನೊಬ್ರು ಬೇಕಲ್ಲ ಮಾರಾಯ್ತಿ! ಬೆಕ್ಕಿನ ಜೊತೆ ಹೋಲಿಸ್ಲಾ?”

“ಬೆಕ್ಕು ಹೆಂಗಿದೆ?”

“ಅದೂ ಗಟ್ಟಿಯಾಗಿದೆ. ಅದೇ ತೊಂದ್ರೆ!”

ಗುಣ ಗೊತ್ತಾಗದೆ ಈ ವರ್ಷ ತೋಳು ಕೊಡುವುದಿಲ್ಲವೆಂದು ಹಟ ಹಿಡಿದಿದ್ದ. ದಮ್ಮಿನ ಮನುಷ್ಯ, ಜ್ವರ ಎದೆಗಿಳಿದರೆ ಗತಿಯೇನು? ನನ್ನವರು ತೀರಿಕೊಂಡ ಮೇಲೆ ನನಗೆ ಉಳಿದಿರುವುದೂ ಅದೊಂದೇ ಜೀವ.

ಇವತ್ತು ಅವನು ಫೋನು ಮಾಡಿದಾಗ, “ನಂಗೆ ಶೀತ, ಈ ಕಡೆ ಬರಬೇಡ” ಎಂದೆ. ಮಧ್ಯಾಹ್ನದ ಬಸ್ಸಿಗೆ ಬಂದಿಳಿದ! ಕಂಕುಳಲ್ಲಿ ಕೊಡೆ, ಕೈಯಲ್ಲಿ ಕಾಳುಮೆಣಸಿನ ಪೊಟ್ಟಣ.

“ಅಲ್ಲಣ್ಣ, ಅಂಟ್ಕೊಂಡ್ರೆ ಏನ್ ಮಾಡ್ತೀಯ?”

“ಅಂಟ್ಕೊಳ್ಳಿ. ಪರೀಕ್ಷೆ ಆಗ್ಬೇಕಲ್ಲ!”

ಮೂಗಿಗೆ ಸೆರಗು ಕಟ್ಟಿಕೊಂಡು, ಅವನನ್ನು ಜಗುಲಿಯಲ್ಲೇ ಕೂರಿಸಿದೆ. ಕಿಟಕಿಯಾಚೆಯಿಂದ ಮೆಲ್ಲಗೆ ಹೇಳಿದ:

“ಹೋದ್ವರ್ಷ ಜ್ವರ ಬರದೇ ಇದ್ದಿದ್ದು ಇಂಜೆಕ್ಷನ್ ಗುಣವೋ, ಮನೆಗೆ ಯಾರೂ ಬರದೇ ಇದ್ದ ಗುಣವೋ, ಹೆಂಗೆ ಹೇಳ್ಲಿ? ಅಂಟಿಸಕ್ಕಾದ್ರೂ ಒಬ್ರು ಬರ್ಬೇಕಲ್ಲ. ನಿನ್ನ ಶೀತ ಬಿಟ್ರೆ ನಂಗೆ ಇನ್ಯಾರ ಶೀತ ಇದೆ?”

ನನಗೆ ನಗಲಾಗಲಿಲ್ಲ.

“ಹಾಗಾದ್ರೆ ಇಲ್ಲೇ ಇದ್ದುಬಿಡು. ನಂಗೆ ಕಮ್ಮಿಯಾದ್ಮೇಲೆ ಇಬ್ರೂ ಹೋಗಿ ಹಾಕಿಸ್ಕೊಂಡು ಬರಣ.”

“ಇಬ್ರೂನಾ? ಮತ್ತೆ ಹೊಡೆಯದ ಸಾಲು?”

“ಬೆಕ್ಕಿದ್ಯಲ್ಲ.”

ಅಣ್ಣ ಯೋಚಿಸಿದ. “ಹೌದು. ಅದನ್ನೂ ಇಲ್ಲಿಗೇ ತರ್ತೀನಿ ಹಾಗಾದ್ರೆ.”

ರಾತ್ರಿಗೆ ಗಂಜಿ, ಮೆಣಸಿನ ಸಾರು, ಸುಟ್ಟ ಹಪ್ಪಳ. ಎರಡು ತಟ್ಟೆ ತೊಳೆದೆ. ನನ್ನನ್ನು ನೋಡಿಕೊಳ್ಳುತ್ತೇನೆಂದು ಜಗುಲಿಯಲ್ಲಿ ಕೂತಿದ್ದ ಅಣ್ಣನೇ ಮೊದಲು ನಿದ್ದೆಹೋದ.